ಕಾಡನ್ನು ಅಳೆದ ಕೋಲು

ಏಪ್ರಿಲ್ ೬

ತೀರ್ಥರೂಪು, ಸದ್ಯಕ್ಕೆ ಏಕಗರಗಸಾಧೀಶ್ವರರೂ ಇನ್ನು ಕೆಲವೇ ದಿನಗಳಲ್ಲಿ ಉಭಯಗರಗಸಾಧೀಶ್ವರರಾಗಲಿರುವವರೂ ಆದ ಅಪ್ಪನವರ ಪಾದಗಳಿಗೆ, ತಮ್ಮ ಒಬ್ಬಳೇ ಮಗಳು ಉರುಫ್ ತರಲೆ ಮಾಡುವ ನಮಸ್ಕಾರಗಳು.

ತಾವು ಮೇಸ್ತ್ರಿಯಾಗಿ ಆಳುತ್ತಿರುವ ಸಾಮಿಲ್ಲಿನ ಊರಿನಿಂದ ಒಂಬತ್ತು ಗಂಟೆ ಬಸ್ಸಿನಲ್ಲಿ ಕುಲುಕಿ, ಸೊಂಟ ಯಾವುದು ಸೀಟು ಯಾವುದು ಎಂಬ ಭೇದವಳಿದು, ಈ ಕಾಡಿನ ಅಳತೆ ಕಚೇರಿಗೆ ಬಂದು ಬಿದ್ದಿರುತ್ತೇನೆ. ಇಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಮರ ಹತ್ತಬೇಕು. ಹತ್ತಿದರೂ ಸಿಗುವುದು ಇರುವೆ ಮಾತ್ರ. ಆದ್ದರಿಂದ ಇನ್ನು ಮುಂದೆ ತಾವು ನನ್ನ ಕೈಬರಹವನ್ನು ಸಹಿಸಿಕೊಳ್ಳತಕ್ಕದ್ದು.

ತಾವು ಇಪ್ಪತ್ತೆರಡು ವರ್ಷ ಅಳತೆಗಾರರಾಗಿದ್ದ ಕೋಣೆ ಹಾಗೆಯೇ ಇದೆ. ಕಿಟಕಿಯ ಒಂದು ಗಾಜು ಒಡೆದಿದೆ, ಅದಕ್ಕೆ ಹಳೆಯ ನಕಾಶೆ ಅಂಟಿಸಿದ್ದಾರೆ. ಯೋಜನಾಧಿಕಾರಿ ಮೇಡಂ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೀನಾ ಅವರ ಮಗಳು? ಅವರು ಇಷ್ಟು ಮಾತಾಡ್ತಿರ್ಲಿಲ್ವಲ್ಲಮ್ಮಾ" ಎಂದರು. ನಾನು ಆಗಿನ್ನೂ ಬಾಯಿಯನ್ನೇ ತೆರೆದಿರಲಿಲ್ಲ. ನನ್ನ ಕೀರ್ತಿ ನನಗಿಂತ ಮುಂಚಿನ ಬಸ್ಸಿಗೇ ಬಂದಿರಬೇಕು.

ಆಮೇಲೆ ಗೋಡೆಯ ಮೊಳೆಯಿಂದ ಕೋಲನ್ನು ಇಳಿಸಿ ನನ್ನ ಕೈಗಿತ್ತರು. ತಮ್ಮ ಕೋಲು, ಅಪ್ಪಾ! ಕೈ ಹಿಡಿದ ಜಾಗ ಎಣ್ಣೆ ಹಚ್ಚಿದಂತೆ ಕಪ್ಪಗೆ ಮಿರುಗುತ್ತಿದೆ. ಅದನ್ನು ಮರದ ಬುಡದಲ್ಲಿ ಊರಿ, ಅದರ ತಲೆ ಎಲ್ಲಿಗೆ ಬರುತ್ತದೋ ಅಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯುವುದು ನನ್ನ ಉದ್ಯೋಗ. ನಂಬರು ಕೊಟ್ಟ ಸಾವಿರ ಮರ, ವರ್ಷಕ್ಕೊಂದು ಸಲ. ಅವು ಎಷ್ಟು ದಪ್ಪವಾದವೋ ಅದರ ಮೇಲೆ ಇಡೀ ಕಾಡು ಎಷ್ಟು ಬೆಳೆಯಿತು ಎಂಬ ಅಂದಾಜು. ಎಷ್ಟು ಬೆಳೆಯಿತೋ ಅಷ್ಟೇ ಕಡಿಯಬೇಕು, ಒಂದು ಕೊಂಬೆಯೂ ಹೆಚ್ಚಿಲ್ಲ. "ಇಷ್ಟೇ ನಮ್ಮ ಶಾಸ್ತ್ರ" ಎಂದರು ಮೇಡಂ.

ಇಷ್ಟೇ ಶಾಸ್ತ್ರಕ್ಕೆ ನನ್ನನ್ನು ಮೂರು ವರ್ಷ ಓದಿಸಿದಿರಾ?

ಇತಿ,
ಅತಿ ಕಿರಿಯ ಅಳತೆಗಾರ್ತಿ, ತರಲೆ

ಏಪ್ರಿಲ್ ೧೯

ತರಲೆಗೆ ಆಶೀರ್ವಾದ.

ಕಾಗದ ಓದಿ ನಿನ್ನ ಅಮ್ಮ ಮೂರು ಸಲ ನಕ್ಕಳು, ಒಂದು ಸಲ ಅತ್ತಳು. ಎರಡಕ್ಕೂ ಕಾರಣ ಕೇಳಿದೆ, ಹೇಳಲಿಲ್ಲ.

ಎರಡನೇ ಗರಗಸ ಬಂತು. ಪೆಟ್ಟಿಗೆ ಒಡೆದಾಗ ಮಿಲ್ಲಿನವರೆಲ್ಲ ಮದುಮಗಳನ್ನು ನೋಡುವಂತೆ ಸುತ್ತ ನಿಂತಿದ್ದರು. ಆರು ಜನ ಹೊಸಬರನ್ನು ತೆಗೆದುಕೊಂಡಿದ್ದೇವೆ. ಕಾಡಿನ ಹೊಸ ಹತ್ತು ವರ್ಷದ ಯೋಜನೆಗೆ ಸೆಪ್ಟೆಂಬರಿನಲ್ಲಿ ಸಹಿ ಬೀಳುತ್ತಲೇ ಮರ ಹೆಚ್ಚು ಬರುತ್ತದೆ. ಮಾಲೀಕರು ಮೊದಲು ಹಿಂದೆ ಮುಂದೆ ನೋಡುತ್ತಿದ್ದರು. ನಾನೇ ಹೇಳಿದೆ, ಆ ಕಾಡು ವರ್ಷದಿಂದ ವರ್ಷಕ್ಕೆ ಜೋರಾಗಿ ಬೆಳೆಯುತ್ತಿದೆ ಸ್ವಾಮಿ, ನನ್ನ ಕೈಯಾರೆ ಅಳೆದವನು ನಾನು ಎಂದು. ಆ ಮಾತಿನ ಮೇಲೆ ತರಿಸಿದರು.

ಕೋಲನ್ನು ನೆಟ್ಟಗೆ ಹಿಡಿ. ನಿನಗೆ ಯಾವುದನ್ನೂ ನೆಟ್ಟಗೆ ಹಿಡಿದು ಅಭ್ಯಾಸವಿಲ್ಲ. ಕಲ್ಲಿಗೆ ತಾಗಿ ಅದರ ತುದಿ ಸೀಳಿದರೆ ಹಾಗೇ ಬಿಡಬೇಡ, ಚಾಕುವಿನಿಂದ ಅಚ್ಚುಕಟ್ಟಾಗಿ ಕೆತ್ತಿಕೋ. ನಾನು ಮಾಡುತ್ತಿದ್ದದ್ದು ಹಾಗೆಯೇ.

ಅಪ್ಪ

ಮೇ ೧೧

ಉಭಯಗರಗಸಾಧೀಶ್ವರರಿಗೆ ಜಯವಾಗಲಿ.

ಅಪ್ಪಾ, ಇವತ್ತು ನಾನು ತರಲೆ ಮಾಡುವ ಸ್ಥಿತಿಯಲ್ಲಿಲ್ಲ. ಮುನ್ನೂರ ಅರವತ್ತೊಂದನೇ ಮರವನ್ನು ನೋಡಿ ಬಂದೆ.

ಅದರ ಸುತ್ತ ಟೇಪು ಹಿಡಿದು ಹೊರಟವಳು ತಿರುಗಿ ನಾನು ಹೊರಟ ಜಾಗಕ್ಕೆ ಬಂದಾಗ, ಊರಿಗೆ ಹೋಗಿ ಬಂದಂತಾಯಿತು. ತಲೆ ಎತ್ತಿದೆ. ಕಾಂಡ ಹೋಗುತ್ತಲೇ ಇದೆ, ಹೋಗುತ್ತಲೇ ಇದೆ, ಕೊನೆಗೆ ಅದು ಮರವಾಗಿ ಉಳಿಯದೆ ಹಸಿರು ಬೆಳಕಾಗಿಬಿಟ್ಟಿತು. ಕುತ್ತಿಗೆ ನೋಯುವ ತನಕ ಕಣ್ಣುಬಾಯಿ ಬಿಟ್ಟುಕೊಂಡು ನಿಂತಿದ್ದೆ. ಬಾಯಿಗೆ ಏನೋ ಬಿತ್ತು. ಬೀಜ. ನನ್ನ ಉಗುರಿನಷ್ಟಿಲ್ಲ. ಇಷ್ಟು ದೊಡ್ಡದು ಇಷ್ಟರೊಳಗೆ ಹೇಗೆ ಮಡಿಸಿಕೊಂಡು ಕೂತಿತ್ತು?

ಕಚೇರಿಗೆ ಬಂದು ಮೇಡಂಗೆ ಹೇಳಿದೆ. ಅವರು ಮೊಟ್ಟಮೊದಲ ಯೋಜನಾ ಪುಸ್ತಕ ತೆಗೆದು ತೋರಿಸಿದರು. ಯಾರೋ ಒಬ್ಬರು, ಕಂದು ಶಾಯಿಯಲ್ಲಿ, ಮೊಣಕಾಲೆತ್ತರದ ಸಸಿಗಳ ಒಂದು ತಾಕಿನ ಮುಂದೆ ಬರೆದಿದ್ದಾರೆ: "ನೂರ ನಲವತ್ತು ವರ್ಷದ ಮೇಲೆ ಕಡಿಯಲು ಯೋಗ್ಯ." ಅಷ್ಟು ನಿರಾಳವಾಗಿ, ನಾಳೆ ಹಾಲಿನವನಿಗೆ ಬರಹೇಳು ಎನ್ನುವಂತೆ! ಆ ವರ್ಷ ಯಾವುದು ಗೊತ್ತಾ? ಬರುವ ವರ್ಷ. ಜೋಕು ಹೊಡೆಯೋಣವೆಂದು ತೆರೆದ ಬಾಯಲ್ಲಿ ಆ ಸಾಲನ್ನೇ ಇನ್ನೊಮ್ಮೆ ಗಟ್ಟಿಯಾಗಿ ಓದಿದೆ.

ಊಟದ ಹೊತ್ತಿಗೆ ಸುಸ್ಥಿರ ಅಭಿವೃದ್ಧಿಯ ಮಹಾಸಮ್ಮೇಳನ ನಡೆಯಿತು. ಪ್ರತಿನಿಧಿಗಳು: ಮೇಡಂ, ಜೀಪಿನ ಡ್ರೈವರ್ ಜೀಪಣ್ಣ, ಮತ್ತು ತಟ್ಟೆ ತೊಳೆಯುತ್ತಿದ್ದ ನಾನು.

"ಮರ ಕಡಿದು ಶಾಲೆ ಕಟ್ಟಿದ್ರೆ ನಷ್ಟ ಏನು ಮೇಡಂ? ಮರದ ಆಸ್ತಿ ಹೋಯ್ತು, ಓದಿನ ಆಸ್ತಿ ಬಂತು. ಮಕ್ಕಳಿಗೆ ಬಿಟ್ಟು ಹೋಗೋದು ಒಟ್ಟಿನಲ್ಲಿ ಕಮ್ಮಿ ಆಗ್ಬಾರ್ದು, ಅಷ್ಟೇ ತಾನೆ?" ಎಂದ ಜೀಪಣ್ಣ.

"ಇದನ್ನೇ ಕೆಲವು ಅರ್ಥಶಾಸ್ತ್ರಜ್ಞರು ದಪ್ಪ ದಪ್ಪ ಪುಸ್ತಕ ಬರೆದು ಹೇಳ್ತಾರೆ ಕಣಪ್ಪಾ. ನೀನು ಮಜ್ಜಿಗೆ ಕುಡೀತಾ ಹೇಳ್ಬಿಟ್ಟೆ. ಆದ್ರೆ ಇನ್ನೊಂದು ಪಂಗಡದವರು ಒಪ್ಪಲ್ಲ. ಕೆಲವು ಆಸ್ತಿಗೆ ಬದಲಿ ಅನ್ನೋದೇ ಇಲ್ಲ ಅಂತಾರೆ. ಈ ಕಾಡು ಹೋದ್ರೆ ಕೆಳಗಿನ ಹೊಳೆಗೆ ನೀರು ಯಾರು ಬಿಡ್ತಾರೆ? ನಿಮ್ಮ ಶಾಲೆ ಹೆಡ್‌ಮಾಸ್ಟರಾ?"

"ಸರಿ ಮೇಡಂ. ಆದ್ರೆ ಒಂದು ನೋಡಿ, ಬೆಳವಣಿಗೆ ನಿಲ್ಲಿಸಿ ಅಂತ ಭಾಷಣ ಮಾಡೋರ ಮನೇಲಿ ಆಗ್ಲೇ ಫ್ರಿಜ್ ಇರುತ್ತೆ. ನಮ್ಮನೇಲಿ ಇನ್ನೂ ಇಲ್ಲ."

ಮೇಡಂ ನಗಲಿಲ್ಲ. ತಮ್ಮ ಮಜ್ಜಿಗೆಯನ್ನೂ ಅವನ ಲೋಟಕ್ಕೆ ಬಗ್ಗಿಸಿ, "ಅದೂ ನಿಜ ಕಣಪ್ಪಾ" ಎಂದರು. "ಅದಕ್ಕೇ ನಾನು ಈ ಕಾಡನ್ನ ನಂಬ್ಕೊಂಡಿದ್ದೀನಿ. ಇದು ಬೆಳೆಯುತ್ತೆ, ಬೆಳೆದಷ್ಟು ಕೊಡುತ್ತೆ. ಬುಡ ಮುಟ್ಟದೆ ಬದುಕೋಕೆ ಆಗುತ್ತೆ ಅಂತ ತೋರಿಸೋ ಒಂದೇ ಜಾಗ ನಾನು ನೋಡಿರೋದು. ಅಳತೆ ಸರಿಯಾಗಿದ್ರೆ ಸಾಕು."

ಅಳತೆ ಎಂದಾಗ ನಾನು ಎದೆ ಉಬ್ಬಿಸಿದೆ. ತಟ್ಟೆ ಕೈಜಾರಿ ಬಿತ್ತು.

ತರಲೆ

ಜೂನ್ ೮

ಅಪ್ಪಾ,

ಇದನ್ನು ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಡೆದ ಕ್ರಮದಲ್ಲೇ ಹೇಳುತ್ತೇನೆ.

ಮೊನ್ನೆ ಮಳೆ ಬಂದು ಕೆಲಸವಿರಲಿಲ್ಲ. ನಿನ್ನನ್ನು ನಗಿಸೋಣವೆಂದು ಕೋಲಿಗೆ ಒಂದು ಸನ್ಮಾನಪತ್ರ ಬರೆಯಲು ಕೂತೆ. "ಸುದೀರ್ಘ ಸೇವಾ ಪ್ರಶಸ್ತಿ. ಹೆಸರು: ಶ್ರೀ ಕೋಲು. ವೃತ್ತಿ: ನಿಂತಿರುವುದು. ವಯಸ್ಸು: ಮೂವತ್ತು. ರಜೆ: ಒಂದು ದಿನವೂ ಹಾಕಿಲ್ಲ. ಎತ್ತರ:" ಇಲ್ಲಿಗೆ ಬಂದೆ. ನೂರಾ ಮೂವತ್ತು ಸೆಂಟಿಮೀಟರ್ ಎಂದು ಎಲ್ಲರಿಗೂ ಗೊತ್ತು, ನಿಯಮವೇ ಅದು. ಆದರೂ ಸನ್ಮಾನ ಅಂದ ಮೇಲೆ ಗಾಂಭೀರ್ಯ ಬೇಡವೇ? ಟೇಪು ಹಿಡಿದೆ.

ನೂರಾ ಹನ್ನೆರಡು.

ನಕ್ಕೆ. ಟೇಪು ತಿರುಗಿಸಿ ಹಿಡಿದೆ. ನೂರಾ ಹನ್ನೆರಡು. ಬೇರೆ ಟೇಪು ತಂದೆ. ಮೂರನೇ ಸಲ ಅಳೆಯುವಾಗ ನಗು ನಿಂತುಹೋಗಿತ್ತು.

ಹದಿನೆಂಟು ಸೆಂಟಿಮೀಟರ್, ಅಪ್ಪಾ. ಸಾವಿರ ಮರದ ಬುಡದಲ್ಲಿ, ವರ್ಷ ವರ್ಷವೂ, ಮಣ್ಣಿಗೆ ಕಲ್ಲಿಗೆ ಊರಿ ಊರಿ ಸವೆದಿದೆ. ಸೀಳಿದಾಗಲೆಲ್ಲ ಕೆತ್ತಿದ್ದೂ ಸೇರಿದೆ. ಮರದ ಬುಡ ಕೆಳಕ್ಕೆ ಹೋದಷ್ಟೂ ದಪ್ಪ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಕೋಲು ಚೂರು ಗಿಡ್ಡವಾದಾಗಲೆಲ್ಲ ಟೇಪು ಚೂರು ಕೆಳಗಿಳಿಯಿತು, ಮರ ಚೂರು ದಪ್ಪ ಕಂಡಿತು. ಪುಸ್ತಕದಲ್ಲಿ ಕಾಡು ಬೆಳೆಯಿತು ಎಂದು ಬರೆದದ್ದರಲ್ಲಿ ಎಷ್ಟು ನಿಜವಾಗಿ ಕಾಡು, ಎಷ್ಟು ಸವೆದ ಕೋಲು?

ನಾನು ಇನ್ನೂ ಯಾರಿಗೂ ಹೇಳಿಲ್ಲ.

ನಿನ್ನ ತರಲೆ

ಜೂನ್ ೧೭

ತರಲೆಗೆ,

ನಾನು ಇದ್ದಾಗ ಕೋಲು ಸರಿಯಾಗಿಯೇ ಇತ್ತು. ನಾನು ಬಿಟ್ಟು ಎಂಟು ವರ್ಷವಾಯಿತು. ಆಮೇಲೆ ಬಂದವರು ಅದನ್ನು ಊರುಗೋಲು ಮಾಡಿಕೊಂಡರೋ, ಹಾವು ಹೊಡೆದರೋ ನನಗೆ ಗೊತ್ತಿಲ್ಲ.

ಒಂದು ಪಕ್ಷ ನೀನು ಹೇಳುವುದು ನಿಜವೇ ಎಂದಿಟ್ಟುಕೋ. ಕಡಿದ ಮರ ಹಾಳಾಯಿತೇ? ನಮ್ಮೂರ ಶಾಲೆಯ ಬೆಂಚು ಆ ಮರ. ಆಸ್ಪತ್ರೆಯ ಮಾಡು ಆ ಮರ. ನೀನು ಹುಟ್ಟಿದ್ದು ಆ ಮಾಡಿನ ಕೆಳಗೆ. ಇದೆಲ್ಲ ಬೆಳವಣಿಗೆ ಅಲ್ಲವೇ?

ನಿನ್ನ ಅಮ್ಮನಿಗೆ ಈ ವಿಷಯ ಬರೆಯಬೇಡ.

ಅಪ್ಪ

ಜೂನ್ ೩೦

ಅಪ್ಪಾ,

ಬೆಂಚು ಬೀಜ ಉದುರಿಸುವುದಿಲ್ಲ.

ಇಷ್ಟು ಬರೆದು ನಾಲಿಗೆ ಕಚ್ಚಿಕೊಂಡೆ. ಹೊಡೆದುಹಾಕೋಣವೆಂದುಕೊಂಡೆ, ಆದರೆ ಅದು ನಿಜ, ಇರಲಿ. ನೀನು ಹೇಳಿದ್ದೂ ನಿಜ. ಆ ಬೆಂಚಿನ ಮೇಲೆ ಕೂತೇ ನಾನು ಕೂಡಿಸುವುದು ಕಳೆಯುವುದು ಕಲಿತದ್ದು. ಈಗ ಕಳೆಯಬೇಕಾಗಿ ಬಂದಿದೆ.

ಕಚೇರಿಯಲ್ಲಿ ಒಂದು ಟೊಳ್ಳು ತಿರುಪು ಇದೆ. ಕಾಂಡಕ್ಕೆ ತಿರುಗಿಸಿದರೆ ಪೆನ್ಸಿಲ್ಲಿನಷ್ಟು ಸಣ್ಣ ಕಡ್ಡಿ ಹೊರಬರುತ್ತದೆ, ಮರಕ್ಕೆ ಇರುವೆ ಕಚ್ಚಿದಷ್ಟೂ ನೋವಿಲ್ಲ. ಆ ಕಡ್ಡಿಯಲ್ಲಿ ವರ್ಷಕ್ಕೊಂದು ಗೆರೆ. ನಲವತ್ತು ಮರ ನೋಡಿದೆ. ಮಳೆ ಕೈಕೊಟ್ಟ ವರ್ಷ ಗೆರೆ ಕೂದಲೆಳೆ, ಒಳ್ಳೆಯ ವರ್ಷ ಅಗಲ. ನಾನು ಹುಟ್ಟಿದ ವರ್ಷವನ್ನು ಮುಟ್ಟಿದೆ. ತೇವವಾಗಿತ್ತು. ಅಪ್ಪಾ, ಅಷ್ಟೂ ಕಾಲ ಅದು ಒಂದು ಸುಳ್ಳನ್ನೂ ಬರೆದುಕೊಳ್ಳದೆ ಸುಮ್ಮನೆ ನಿಂತಿದೆಯಲ್ಲ! ನಾನು ಹತ್ತು ನಿಮಿಷಕ್ಕೊಂದು ಸುಳ್ಳು ಹೇಳುವವಳು, ಅದರ ಮುಂದೆ ಚಪ್ಪಲಿ ಬಿಟ್ಟು ನಿಂತೆ.

ಪುಸ್ತಕ ಹೇಳುವ ಬೆಳವಣಿಗೆಯನ್ನು ನಾಲ್ಕು ಪಾಲು ಮಾಡಿದರೆ, ಮರ ಬೆಳೆದದ್ದು ಮೂರು ಪಾಲು. ಉಳಿದದ್ದು ಕೋಲು ಸವೆದದ್ದು. ಕಡಿದದ್ದು ಮಾತ್ರ ನಾಲ್ಕು ಪಾಲೂ. ಹೊಸ ಯೋಜನೆಯಲ್ಲಿ ಐದನೆಯದನ್ನೂ ಕೇಳಿದ್ದಾರೆ, ನಿನ್ನ ಎರಡನೇ ಗರಗಸಕ್ಕೆ.

ವರದಿ ಬರೆದು ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಕೋಲು ಯಾರ ಕೈಯಲ್ಲಿ ಎಷ್ಟು ವರ್ಷ ಇತ್ತು ಎಂಬ ಜಾಗ ಖಾಲಿ ಇದೆ. ಸೆಪ್ಟೆಂಬರ್ ಇಪ್ಪತ್ತಕ್ಕೆ ಸಹಿ. ಅಷ್ಟರೊಳಗೆ ಕೊಡದಿದ್ದರೆ ಇನ್ನು ಹತ್ತು ವರ್ಷ ಯಾರೂ ಕೇಳುವುದಿಲ್ಲ. ಕೊಟ್ಟರೆ ಆ ಆರು ಜನ ಏನು ಮಾಡಬೇಕು, ನಿನ್ನ ಮಾತು ಏನಾಗಬೇಕು, ನನಗೆ ಗೊತ್ತಿಲ್ಲ.

ಬಯ್ಯುವುದಾದರೂ ಬರೆ.

ತರಲೆ

ಆಗಸ್ಟ್ ೩

ಪೂಜ್ಯ ಅಪ್ಪನವರಿಗೆ,

ಐದು ವಾರದಿಂದ ತಮ್ಮ ಪತ್ರವಿಲ್ಲ. ಅಂಚೆಯವನನ್ನು ವಿಚಾರಣೆಗೊಳಪಡಿಸಲಾಯಿತು. ಆತ ನಿರಪರಾಧಿ ಎಂದು ತೀರ್ಪಾಗಿದೆ.

ಅಮ್ಮನ ಕಾಗದ ಬಂತು. ಮನೆಯಲ್ಲಿ ಎಲ್ಲ ಚೆನ್ನಾಗಿದೆ, ಅಪ್ಪ ಮಾತ್ರ ಭಾನುವಾರವೂ ಮಿಲ್ಲಿಗೆ ಹೋಗಿ ಒಬ್ಬರೇ ಕೂತಿರುತ್ತಾರೆ ಎಂದಿದ್ದಾಳೆ. ನಾನು ಅವಳಿಗೆ ಏನೂ ಬರೆದಿಲ್ಲ, ನೀನು ಹೇಳಿದಂತೆಯೇ.

ಇಲ್ಲಿ ಎಲ್ಲ ಚೆನ್ನಾಗಿದೆ. ಖಾನೆಗೆ ಬೀಗ ಹಾಕಿದ್ದೇನೆ.

ತರಲೆ

ಆಗಸ್ಟ್ ೨೭

ಮಗಳೇ,

ಎಂಟು ಭಾನುವಾರ ಬೇಕಾಯಿತು. ಅದಕ್ಕೇ ತಡ.

ಮಿಲ್ಲಿಗೆ ಬಂದು ಬಿದ್ದಿರುವ ದಿಮ್ಮಿಗಳಲ್ಲಿ ನಂಬರಿನ ತಗಡು ಇರುವವೂ ಕೆಲವಿವೆ, ನಾನೇ ಅಳೆದವು. ನನ್ನ ಹಳೆಯ ಜೇಬು ಪುಸ್ತಕಗಳು ಅಟ್ಟದಲ್ಲಿದ್ದವು. ದಿಮ್ಮಿಯ ಕೊಯ್ದ ಮುಖಕ್ಕೆ ನೀರು ಸವರಿ, ಉಂಗುರಗಳನ್ನು ಗುಂಡುಪಿನ್ನಿನಿಂದ ಒಂದೊಂದಾಗಿ ಎಣಿಸಿದೆ. ಮೂವತ್ತೊಂದು ದಿಮ್ಮಿ. ನನ್ನ ಪುಸ್ತಕ ತಪ್ಪು ಎಂದು ತೋರಿಸಿಕೊಳ್ಳುವುದಕ್ಕಲ್ಲ, ನಿನ್ನ ಲೆಕ್ಕ ತಪ್ಪು ಎಂದು ತೋರಿಸುವುದಕ್ಕೆ ಶುರು ಮಾಡಿದ್ದು. ಆರನೇ ದಿಮ್ಮಿಗೇ ಗೊತ್ತಾಯಿತು. ಉಳಿದ ಇಪ್ಪತ್ತೈದನ್ನು ಯಾಕೆ ಎಣಿಸಿದೆನೋ! ಇಪ್ಪತ್ತೆರಡು ವರ್ಷ ಇದೇ ಮರಗಳನ್ನು ಹೊರಗಿನಿಂದ ಸುತ್ತಿದವನು, ದಿನಾ ನೂರು ದಿಮ್ಮಿ ಸೀಳುವವನು, ಒಂದು ಸಲವಾದರೂ ಒಳಗಡೆ ಓದಿರಲಿಲ್ಲ. ಒಂದು ದಿಮ್ಮಿಯಲ್ಲಿ ನನ್ನ ಅಜ್ಜನ ಕಾಲದ ಬರಗಾಲ ಸಿಕ್ಕಿತು. ಏಳು ಗೆರೆ, ಒಂದರ ಮೇಲೊಂದು, ಉಗುರು ತೂರುವುದಿಲ್ಲ. ಆಮೇಲೆ ಅದು ಮತ್ತೆ ಅಗಲವಾಗಿದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ತುದಿ ಸೀಳಿದ್ದು ನನ್ನ ಕಣ್ಣಿಗೆ ಆಗುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲವಾದರೂ ಕೆತ್ತುತ್ತಿದ್ದೆ. ಕಚೇರಿಯಲ್ಲಿ ನನ್ನಷ್ಟು ಅಚ್ಚುಕಟ್ಟಾದ ಮನುಷ್ಯ ಇಲ್ಲ ಎಂದು ಹೆಸರು. ಅಳೆಯುವುದನ್ನೇ ಅಳೆಯಬೇಕೆಂದು ಹೊಳೆಯಲಿಲ್ಲ.

ಗುಂಡುಪಿನ್ನು ಕೊಟ್ಟವಳು ನಿನ್ನ ಅಮ್ಮ. ಮೊದಲನೇ ಭಾನುವಾರವೇ ಅವಳಿಗೆ ಗೊತ್ತಾಗಿದೆ. ನಿನ್ನೆ ಮಾತ್ರ, "ನೀವು ಬರೀತೀರೋ, ನಾನು ಬರೀಲೋ?" ಎಂದಳು.

ಖಾನೆಯ ಬೀಗ ತೆಗೆ. ಖಾಲಿ ಬಿಟ್ಟ ಜಾಗದಲ್ಲಿ ನನ್ನ ಹೆಸರು ಬರೆ, ಇಪ್ಪತ್ತೆರಡು ವರ್ಷ ಎಂದು ಬರೆ. ಮೂವತ್ತೊಂದು ದಿಮ್ಮಿಯ ವಿವರ ಇದರ ಜೊತೆಗಿದೆ, ನಿನ್ನ ನಲವತ್ತರ ಜೊತೆ ಸೇರಿಸು.

ಮಾಲೀಕರಿಗೆ ನಾನು ಹೇಳುತ್ತೇನೆ.

ಅಪ್ಪ

ಸೆಪ್ಟೆಂಬರ್ ೧೪

ಅಪ್ಪಾ,

ಕೊಟ್ಟೆ.

ಮೇಡಂ ವರದಿ ಓದಿದರು, ನಿನ್ನ ದಿಮ್ಮಿಗಳ ಹಾಳೆಯನ್ನು ಎರಡು ಸಲ ಓದಿದರು. "ನಾನೂ ಹದಿನಾರು ವರ್ಷ ಇದೇ ಕೋಲು ನೋಡ್ಕೊಂಡು ಓಡಾಡಿದ್ದೀನಲ್ಲೇ" ಎಂದರು. ನಾನು ಕೆಲಸ ಹೋಯಿತೆಂದೇ ಗಟ್ಟಿಮಾಡಿಕೊಂಡಿದ್ದೆ. ಅವರು ಎದ್ದು, "ಜೀಪು ತೆಗಿಯಪ್ಪಾ" ಎಂದರು.

ಕಾಡಿಗೆ ಹೋದೆವು. ಕಬ್ಬಿಣದ ಹೊಸ ಕೋಲು, ನೂರಾ ಮೂವತ್ತು, ಮೂವರೂ ಅಳೆದು ನೋಡಿದ್ದೇವೆ. ಮುನ್ನೂರ ಅರವತ್ತೊಂದಕ್ಕೆ ಊರಿ ಟೇಪು ಸುತ್ತಿದೆ. ಪುಸ್ತಕದಲ್ಲಿರುವುದಕ್ಕಿಂತ ಒಂಬತ್ತು ಸೆಂಟಿಮೀಟರ್ ಕಮ್ಮಿ ಬಂತು. ಆದರೆ ಅಪ್ಪಾ, ಮರ ಒಂದು ಚೂರೂ ಚಿಕ್ಕದಾಗಿ ಕಾಣಲಿಲ್ಲ. ಮೊದಲ ದಿನಕ್ಕಿಂತ ದೊಡ್ಡದಾಗಿ ಕಂಡಿತು. ಇಷ್ಟು ನಿಧಾನಕ್ಕೆ, ಇಷ್ಟು ಕಷ್ಟಪಟ್ಟು ಇಷ್ಟಾಗಿದೆ ಎಂದು ಗೊತ್ತಾದ್ದರಿಂದಲೋ ಏನೋ. ಜೀಪಣ್ಣ ಕೂಡ ಎಂಜಿನ್ ಆರಿಸಿ ಇಳಿದು ಬಂದು, ಮರದ ಮೇಲೆ ಕೈಯಿಟ್ಟು ನಿಂತ. ಅವನ ಪಕ್ಕ ಮೇಡಂ ಕೈಯಿಟ್ಟರು. ನಾನೂ!

ಕೊನೆಗೆ ಜೀಪಣ್ಣ ಕೇಳಿದ. "ಹಾಗಾದ್ರೆ ಬೆಳವಣಿಗೆ ಇಲ್ವಾ ಮೇಡಂ?"

"ಇದೆಯಲ್ಲೋ, ಕಣ್ಮುಂದೆ ನಿಂತಿದೆ. ನಾವು ಅಂದ್ಕೊಂಡಷ್ಟು ಬೇಗ ಇಲ್ಲ, ಅಷ್ಟೇ."

ಯೋಜನೆ ತಿದ್ದಿ ಬರೆಯುತ್ತಿದ್ದಾರೆ. ಇನ್ನು ಮೇಲೆ ಎರಡೂವರೆ ಪಾಲು ಮಾತ್ರ ಕಡಿಯುವುದು, ಹೆಚ್ಚಾಗಿ ಕಡಿದದ್ದು ತುಂಬಿಕೊಳ್ಳುವವರೆಗೆ. ಖಾಲಿ ಬಿದ್ದ ತಾಕುಗಳಲ್ಲಿ ಸಸಿ ನೆಡಲು ಇಬ್ಬರು ಬೇಕಂತೆ, ನಿನ್ನ ಆರರಲ್ಲಿ ಇಬ್ಬರನ್ನು ಕಳಿಸಬಹುದು. ನಾಲ್ವರಿಗೆ ಏನೂ ಸಿಗಲಿಲ್ಲ. ಕೇಳಿದೆ ಅಪ್ಪಾ, ಜಗಳವಾಡಿಯೂ ಕೇಳಿದೆ. ಇಲ್ಲ.

ಇದೇ ಮಿತಿಯಲ್ಲಿ ನಡೆದರೆ ಕಾಡು ಎರಡನೇ ಗರಗಸವನ್ನು ಯಾವಾಗ ಹೊರಬಲ್ಲದು ಎಂದು ಮೇಡಂ ಬಳಿ ಅಂದಾಜು ಕೇಳಿದೆ. ಪೆನ್ಸಿಲ್ ಕಚ್ಚಿಕೊಂಡು ಕೂತು ಹೇಳಿದರು: ಅರವತ್ತು ವರ್ಷ.

ನಿನ್ನ ಹೆಸರನ್ನು ನನ್ನ ಕೈಯಲ್ಲೇ ಬರೆದೆ.

ನಿನ್ನ ಮಗಳು

ಅಕ್ಟೋಬರ್ ೫

ತರಲೆಗೆ ಆಶೀರ್ವಾದ.

ಮಾಲೀಕರಿಗೆ ಹೇಳಿದೆ. "ಮೇಸ್ತ್ರಿ, ನಿಮ್ಮ ಮಾತು ನಂಬಿ ತರಿಸಿದ್ದಲ್ವಾ?" ಎಂದರು. ಹೌದು ಎಂದೆ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಗರಗಸವನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆವು. ಇನ್ನು ಮೇಲೆ ದಿಮ್ಮಿಯ ಹೊರಗಿನ ತುಂಡುಗಳನ್ನು ಒಲೆಗೆ ಹಾಕದೆ ಕಿಟಕಿ ಚೌಕಟ್ಟು ಮಾಡೋಣ, ಕಮ್ಮಿ ಮರದಲ್ಲಿ ಹೆಚ್ಚು ಕೆಲಸ ತೆಗೆಯೋಣ ಎಂದು ನಾನು ಒಂದು ಚೀಟಿ ಬರೆದುಕೊಟ್ಟಿದ್ದೇನೆ. ನೋಡೋಣ ಎಂದಿದ್ದಾರೆ. ಅದು ನಡೆದರೂ ಒಬ್ಬರಿಗೆ ಕೆಲಸ ಸಿಕ್ಕೀತು, ಅದೂ ವರ್ಷದ ಮೇಲೆ.

ಶನಿವಾರ ಆರು ಜನರನ್ನೂ ಕರೆದು ಕೂರಿಸಿದೆ. ಇನ್ನು ಕೆಲಸವಿಲ್ಲ ಎಂದು ಹೇಳಿದೆ, ತಪ್ಪು ಯಾರದು ಎಂದೂ ಹೇಳಿದೆ. ಇಬ್ಬರು ನಿನ್ನ ಕಡೆಗೆ ಹೊರಟಿದ್ದಾರೆ, ಬಸ್ಸಿನ ಬಗ್ಗೆ ಎಚ್ಚರಿಸಿದ್ದೇನೆ. ಮೂವರು ನನ್ನ ಮುಖ ನೋಡದೆ ಎದ್ದು ಹೋದರು. ಅದು ನ್ಯಾಯವೇ.

ಉಳಿದವಳು ಹಲಗೆ ಜೋಡಿಸುವ ಹುಡುಗಿ. ಆರು ಜನರಲ್ಲಿ ಕೊನೆಗೆ ಸೇರಿದವಳು, ನಿನ್ನ ವಯಸ್ಸು, ನಿನ್ನದೇ ಬಾಯಿ. ಅವಳು ಕೂತಲ್ಲಿಂದ ಏಳಲಿಲ್ಲ.

"ಮತ್ತೆ ಎರಡನೇ ಗರಗಸ ಯಾವಾಗ ಮೇಸ್ತ್ರಿ?" ಎಂದಳು.

"ಅರವತ್ತು ವರ್ಷ ಆಗುತ್ತಮ್ಮಾ."

ಅವಳು ನಗುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಅಂದುಕೊಂಡೆ. ಬಾಗಿಲಾಚೆ ದಿಮ್ಮಿಗಳ ರಾಶಿಯನ್ನು ಬಹಳ ಹೊತ್ತು ನೋಡಿದಳು. ಅಷ್ಟು ದೂರದ ಒಂದು ದಿನವನ್ನು ಅಲ್ಲಿ ಹುಡುಕುತ್ತಿದ್ದಾಳೆ ಅನ್ನಿಸಿತು. ನಾನೂ ಅತ್ತ ನೋಡಿದೆ.

"ಹಾಗಾದ್ರೆ ನನ್ನ ಮೊಮ್ಮಗಳ ಹೆಸರು ಈಗ್ಲೇ ಬರ್ಕೊಳ್ಳಿ. ಆಮೇಲೆ ಜಾಗ ಖಾಲಿ ಇಲ್ಲ ಅನ್ಬೇಡಿ."

"ಮೊಮ್ಮಗಳಾ? ನಿನಗಿನ್ನೂ ಮದುವೇನೇ ಆಗಿಲ್ವಲ್ಲೇ!"

"ಅರವತ್ತು ವರ್ಷ ಟೈಮ್ ಇದೆಯಲ್ಲ, ಆಗುತ್ತೆ ಬಿಡಿ."

ಹಾಜರಿ ಪುಸ್ತಕ ತಂದೆ. ಕೊನೆಯ ಪುಟದಲ್ಲಿ ಬರೆದೆ: ಎರಡನೇ ಗರಗಸ, ಮೊದಲ ಕೆಲಸ, ಇವಳ ಮೊಮ್ಮಗಳಿಗೆ. ತಮಾಷೆಗೆಂದೇ ಶುರು ಮಾಡಿದ್ದು. ಬರೆಯುತ್ತ ಬರೆಯುತ್ತ ಒಂದೊಂದು ಅಕ್ಷರವನ್ನೂ ದುಂಡಗೆ ತಿದ್ದತೊಡಗಿದೆ ಮಗಳೇ. ಇನ್ನೂ ಹುಟ್ಟದ ಒಂದು ಜೀವ, ಟಿಫನ್ ಡಬ್ಬಿ ಹಿಡಿದು ಆ ಬಾಗಿಲಲ್ಲಿ ಬಂದು ನಿಂತು, ನಾನು ಬಂದೆ ಎಂದಂತಾಯಿತು. ಅವಳು ಓದಿ ನೋಡಿ, ಕೆಳಗೆ ಸಹಿ ಹಾಕಿದಳು. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ.

ಸೋಮವಾರದಿಂದ ಅವಳು ಬರುತ್ತಿಲ್ಲ.

ಅಪ್ಪ